ನೂರಕ್ಕೆ ನೂರು

ಶೇಕಡಾ ಮಾಮನ ರಜೆ ಒಂದು ಸೊನ್ನೆಗಾಗಿ ಕಾದು ಕೂತಿತ್ತು. ನೌಕರರ ವಸತಿಗೃಹದಲ್ಲಿ ಈ ವಾರ ಹೊಸದಾಗಿ ಕಣ್ಣುಬೇನೆ ಬಂದವರ ಸಂಖ್ಯೆ ಸೊನ್ನೆಯಾಗದೆ ಅಲ್ಲಿನವರಿಗೆ ರಜೆಯಿಲ್ಲ ಎಂದು ಆರೋಗ್ಯ ಕಚೇರಿಯ ಮೇಡಂ ಆದೇಶ ಹೊರಡಿಸಿದ್ದರು. ಮಾಮ ಆ ಕಚೇರಿಯಲ್ಲಿ ರೋಗಗಳ ಅಂಕಿಅಂಶ ಬರೆಯುವ ಗುಮಾಸ್ತ. ಮಾತೆತ್ತಿದರೆ ನೂರಕ್ಕೆ ಇಷ್ಟು ಎನ್ನುವ ಚಾಳಿಯಿಂದ ಆ ಹೆಸರು ಅಂಟಿಕೊಂಡಿತ್ತು.

ಮಗಳು ಹೆತ್ತು ಐದು ತಿಂಗಳಾಗಿತ್ತು. ಮೊಮ್ಮಗಳನ್ನು ಅವನು ಇನ್ನೂ ಎತ್ತಿಕೊಂಡಿರಲಿಲ್ಲ. ಎರಡು ಸಲ ರಜೆ ರದ್ದಾಗಿ, ಮೂರನೆಯ ಸಲಕ್ಕೆ ನಾಳೆ ಬೆಳಿಗ್ಗೆ ರೈಲು. ಹೆಂಡತಿ ಮಗುವಿಗೆ ಹೆಣೆದ ಟೋಪಿಯನ್ನು ಚೀಲದ ಮೇಲೇ ಇಟ್ಟಿದ್ದಳು. ಬೆಳಿಗ್ಗೆ ಕಚೇರಿಗೆ ಹೋದವನೇ ಅರ್ಜಿಯ ಜೊತೆ ಡಾಕ್ಟರ ಸರ್ಟಿಫಿಕೇಟನ್ನೂ ಕೊಟ್ಟ: ಈ ನೌಕರರಿಗೆ ಇಂದಿನವರೆಗೆ ಕಣ್ಣುಬೇನೆ ಬಂದಿರುವುದಿಲ್ಲ.

ಆಮೇಲೆ ಪ್ರತಿ ವಾರದಂತೆ ಟಾರ್ಚು, ಫಾರಂ ಹಿಡಿದು ಮನೆ ಮನೆ ಸುತ್ತಲು ಹೊರಟ. ವಸತಿಗೃಹದಲ್ಲಿದ್ದವರು ನಲವತ್ತೆರಡು ಜನ. ಅವನ ಹೆಂಡತಿಯೂ ಸೇರಿ ಮೂವತ್ತು ಜನರಿಗೆ ಹೋದ ತಿಂಗಳೇ ಬಂದುಹೋಗಿತ್ತು. ಒಮ್ಮೆ ಬಂದವರಿಗೆ ಮತ್ತೆ ಬಾರದೆಂದು ಅವರು ಲೆಕ್ಕಕ್ಕಿಲ್ಲ. ಉಳಿದ ಹನ್ನೆರಡು ಜನರಲ್ಲಿ ಈ ವಾರ ಎಷ್ಟು ಜನರಿಗೆ ಬಂತು ಎಂಬುದೇ ಫಾರಂ ಕೇಳುವ ದರ.

ಮೊದಲ ಬಾಗಿಲಲ್ಲೇ ಕಂಟಕ ಎದುರಾಯಿತು. ಡ್ರೈವರನ ಕಣ್ಣು ಟೊಮೆಟೊ ಹಣ್ಣಾಗಿತ್ತು.

"ಯಾವಾಗಿಂದಪ್ಪಾ?"

"ನಿನ್ನೆಯಿಂದ ಮಾಮ."

"ನಿನ್ನೇನಾ? ಸರಿಯಾಗಿ ಯೋಚನೆ ಮಾಡು. ಹೋದ ತಿಂಗಳೇ ಶುರುವಾಗಿದ್ದಿರಬೇಕು."

"ನಿಮ್ಮ ರಜೆ ವಿಷಯಾನಾ? ಬರ್ಕೊಳ್ಳಿ, ಹೋದ ವರ್ಷ ಅಂತ ಬೇಕಾದ್ರೂ ಬರ್ಕೊಳ್ಳಿ!" ಎಂದು ಅವನು ಸಹಿ ಹಾಕಿದ. ಹೀಗೇ ಐದು ಜನರ ಕೆಂಗಣ್ಣುಗಳು ಹೋದ ತಿಂಗಳಿಗೆ ಹೋದವು.

ಅಷ್ಟರಲ್ಲಿ ಸುದ್ದಿ ಕೇಳಿ ನರ್ಸಕ್ಕ ಮಹಡಿಯಿಂದ ಇಳಿದು ಬಂದಳು.

"ನನ್ನ ಹೆಸರೂ ಹಾಕಿ ಮಾಮ. ಬಂದುಹೋದವರಿಗೆ, ರೋಗ ಬರಬಾರ್ದು ಅಂತ ದಿನಾ ಬೆಳಿಗ್ಗೆ ಹಾಕೋ ಆ ಉರಿ ಡ್ರಾಪ್ಸ್ ತಪ್ಪುತ್ತಲ್ಲ!"

"ನಿಂಗೆ ಬಂದೇ ಇಲ್ವಲ್ಲಮ್ಮಾ!"

"ಡ್ರೈವರಿಗೊಂದು ನ್ಯಾಯ, ನನಗೊಂದು ನ್ಯಾಯಾನಾ? ಮೇಡಂ ಹತ್ರಾನೇ ಕೇಳ್ತೀನಿ ಹಾಗಾದ್ರೆ."

ಮಾಮ ಅವಳ ಹೆಸರನ್ನೂ ಬರೆದುಕೊಂಡ. ಅವಳ ಹಿಂದೆ ಇನ್ನೂ ಐದು ಜನ ಸಾಲುಗಟ್ಟಿದರು. ಅವನು ಎಲ್ಲರಿಗೂ ರೋಗ ಬರಿಸಿ, ಎಲ್ಲರನ್ನೂ ವಾಸಿ ಮಾಡಿ, ಬೆವರು ಒರೆಸಿಕೊಂಡ. ಮೋಸ ಮಾಡುತ್ತಿದ್ದೇನೆಂದು ಗೊತ್ತಿತ್ತು. ಆದರೆ ಕಣ್ಣ ಮುಂದೆ ಆ ಟೋಪಿಯೇ ಕುಣಿಯುತ್ತಿತ್ತು.

ನಾಲ್ಕು ಗಂಟೆಗೆ ಮೇಡಂ ಮುಂದೆ ಫಾರಂ ಇಟ್ಟ. ಹೊಸ ರೋಗಿಗಳು: ಸೊನ್ನೆ. ಇನ್ನೂ ಬಾರದವರು: ಒಬ್ಬ. ಆ ಒಬ್ಬ ಅವನೇ. ಮೇಡಂ ಸಹಿಗೆ ಪೆನ್ನೆತ್ತಿ, ಮಾಮನ ಮುಖ ನೋಡಿ, ಪೆನ್ನು ಕೆಳಗಿಟ್ಟರು.

"ಅದ್ಯಾಕ್ರೀ ಕಣ್ಣಲ್ಲಿ ನೀರು?"

"ಆನಂದಕ್ಕೆ ಮೇಡಂ."

"ಒಂದೇ ಕಣ್ಣಲ್ಲಿ ಆನಂದಾನಾ?"

ವಾರ ವಾರ ಇಡೀ ಕಟ್ಟಡದ ಕಣ್ಣಿಗೆ ಮೂಗು ತಾಗಿಸಿ ಟಾರ್ಚು ಬಿಟ್ಟಿದ್ದು ಸುಮ್ಮನೆ ಹೋಗುತ್ತದೆಯೇ? ಮಧ್ಯಾಹ್ನದಿಂದ ತುರಿಸುತ್ತಿತ್ತು, ಧೂಳು ಎಂದುಕೊಂಡಿದ್ದ.

"ಇದು ಹೋದ ತಿಂಗಳದ್ದು ಮೇಡಂ," ಎಂದು ತೊದಲಿದ.

ಮೇಡಂ ಬೆಳಗಿನ ಸರ್ಟಿಫಿಕೇಟನ್ನು ಮುಂದೆ ತಳ್ಳಿ, ಸೊನ್ನೆಯನ್ನು ಹೊಡೆದು ಒಂದು ಬರೆದರು. "ಬರಬಹುದಾಗಿದ್ದವರು ಒಬ್ಬರು, ಬಂದವರು ಒಬ್ಬರು. ನೂರಕ್ಕೆ ನೂರು! ಇಡೀ ಜಿಲ್ಲೇಲಿ ಇಷ್ಟು ದರ ಎಲ್ಲೂ ಇಲ್ಲ ಕಣ್ರೀ. ನಾಳೆ ಮೇಲಿನಿಂದ ತಪಾಸಣೆ ತಂಡ ಬರುತ್ತೆ. ನೀವೇ ಮುಂದೆ ನಿಂತು ಲೆಕ್ಕ ಒಪ್ಪಿಸಿ."

ನಿಜ ಹೇಳಿದರೆ ಆ ಐವರೂ ತಾನೂ ಸೇರಿ ಹನ್ನೆರಡಕ್ಕೆ ಆರು, ಅಂದರೆ ನೂರಕ್ಕೆ ಐವತ್ತು. ದರ ಅರ್ಧಕ್ಕಿಳಿಯುತ್ತದೆ, ಕೆಲಸ ಪೂರ್ತಿ ಹೋಗುತ್ತದೆ. ಮಾಮ ಕಣ್ಣೊರೆಸುತ್ತ ಹೊರಬಂದ. ಈಗ ಎರಡೂ ಕಣ್ಣಲ್ಲಿ ನೀರಿತ್ತು.

ಮನೆಯಲ್ಲಿ ಹೆಂಡತಿ ಅವನ ಕಣ್ಣು ನೋಡಿದಳು. ಇನ್ನು ರಜೆ ಸಿಕ್ಕರೂ ಮಗುವಿನ ಹತ್ತಿರ ಸುಳಿಯುವಂತಿಲ್ಲ. ಟೋಪಿಯನ್ನು ತೆಗೆದು ಬೀರುವಿನಲ್ಲಿಟ್ಟಳು. ಎಲ್ಲ ಕೇಳಿದ ಮೇಲೆ ಒಂದೇ ಮಾತು ಅಂದಳು:

"ಊರೋರಿಗೆಲ್ಲ ಹೋದ ತಿಂಗಳೇ ಬಂತು ಅಂತ ಬರೆದ್ರಲ್ಲ, ಬೆಳಿಗ್ಗೆ ನಿಮಗೊಬ್ಬರಿಗೆ ಬರ್ಕೊಳ್ಳೋಕೆ ಆಗ್ಲಿಲ್ವೇನ್ರೀ?"