ವರ್ ಅಂದರೆ ಮರ್ಯಾದೆ

ಮುಂಜಾನೆ ಎಂಟಕ್ಕೆ ಬಂದ ಒಂದು ಮೆಸೇಜು ಮುಕ್ತಾರ ಮಾಸ್ತರನ ದಿನ ಕೆಡಿಸಿತು. ಕಳಿಸಿದವರು ಸಿಂದಗಿಯ ಕಾಳಿನ ವ್ಯಾಪಾರಿ ಅಯೂಬಸಾಹೇಬರು. ಅವರ ಮಗಳು ಬುಶ್ರಾಳಿಗೂ ಮುಕ್ತಾರನಿಗೂ ಮದುವೆಯ ಮಾತು ನಡೆದಿತ್ತು. ಅಂದು ಮಧ್ಯಾಹ್ನ ಅವರು ಮನೆ ನೋಡಲು ಮುದ್ದೇಬಿಹಾಳಕ್ಕೆ ಬರಬೇಕಾಗಿತ್ತು. ಅಳಿಯನಾಗುವವನು ಇಂಗ್ಲಿಷ್ ಮಾಸ್ತರ ಎಂಬ ಗೌರವಕ್ಕೆ ಇಂಗ್ಲಿಷಿನಲ್ಲೇ ಬರೆದಿದ್ದರು: "ವಿ ವರ್ ಗೋಯಿಂಗ್ ಟು ಕಮ್ ಟುಡೇ."

ಮುಕ್ತಾರನಿಗೆ ಮೂವತ್ತಾರು ನಡೆದಿತ್ತು. ಮೂರು ಸಂಬಂಧ ಆಗಲೇ ತಪ್ಪಿದ್ದವು. ಓದಿದವನೇ ಕಟ್ಟೆಯ ಮೇಲೆ ಕುಸಿದ.

"ಅಮ್ಮಾ, ಒಲಿ ಆರಸು. ಅವ್ರು ಬರಾಂಗಿಲ್ಲ."

ತಾಯಿ ಜೋಹರಾಬಿ ಗೋಧಿ ಹುಗ್ಗಿ ತಿರುವುತ್ತಿದ್ದಳು. "ಟುಡೇ ಅಂದ್ರ ಇವತ್ತಲ್ಲೇನೊ?"

"ಇವತ್ತ. ಆದ್ರ ವರ್ ಗೋಯಿಂಗ್ ಅಂದ್ರ, ಬರಾವ್ರ ಇದ್ವಿ ಅಂತ. ಆಗಬೇಕಿತ್ತು, ಆಗಲಿಲ್ಲ. ತಿಳೀತೇನು?"

ಆಕೆಗೆ ತಿಳಿಯಲಿಲ್ಲ. ಮುಕ್ತಾರ ಹಲ್ಲು ಕಚ್ಚಿಕೊಂಡು, ದಡ್ಡ ಹುಡುಗರಿಗೆ ಹೇಳುವಂತೆ ಮೂರು ಸಲ ಹೇಳಿಕೊಟ್ಟ.

ಅಷ್ಟರಲ್ಲಿ ಹುಗ್ಗಿಯ ವಾಸನೆ ಹಿಡಿದು ಬಾಜೂಮನೆಯ ಶ್ರೀಶೈಲಪ್ಪ ಬಂದ. ಸಂಗತಿ ಕೇಳಿಕೊಂಡು ಅಂದ: "ಒಂದ ಫೋನ್ ಹಚ್ಚಿ ಕೇಳ್ರಿ, ಮಾಸ್ತರ."

"ಯಾಕ ಬರಾಂಗಿಲ್ಲ ಅಂತ ಕೇಳಿದ್ರ ಬೆನ್ನ ಬಿದ್ದಂಗ ಆಗ್ತೈತಿ, ಕಾಕಾ. ವ್ಯಾಕರಣ ಸ್ಪಷ್ಟ ಐತಿ."

"ವ್ಯಾಕರಣ ಸ್ಪಷ್ಟ ಇದ್ರ ಹುಗ್ಗಿ ಏನ್ ಮಾಡ್ತೀರಿ?"

"ಒಯ್ರಿ," ಎಂದ ಮುಕ್ತಾರ ಸಿಟ್ಟಿನಲ್ಲಿ. ಶ್ರೀಶೈಲಪ್ಪ ಎರಡನೆಯ ಸಲ ಹೇಳಿಸಿಕೊಳ್ಳದೆ ಪಾತ್ರೆಯನ್ನೇ ಎತ್ತಿಕೊಂಡು ನಡೆದ.

ಸಿಟ್ಟು ಇಳಿಯಲೆಂದು ಮುಕ್ತಾರ ಲುಂಗಿ ಎತ್ತಿ ಕಟ್ಟಿ, ಮಾಳಿಗೆ ಹತ್ತಿ, ನೀರಿನ ಟಾಕಿಯೊಳಗೆ ಇಳಿದು ಪಾಚಿ ತಿಕ್ಕತೊಡಗಿದ. ಹನ್ನೆರಡೂವರೆಗೆ ಓಣಿಯಲ್ಲಿ ಕಾರು ನಿಂತ ಸದ್ದಾಯಿತು. ಟಾಕಿಯಿಂದ ತಲೆ ಹೊರಗೆ ಹಾಕಿ ನೋಡಿದರೆ, ಕೆಳಗೆ ಅಯೂಬಸಾಹೇಬರು, ಅವರ ಹೆಂಡತಿ, "ನಾ ಇರೂ ಮನಿ ನಾನೂ ನೋಡ್ತೇನಿ" ಎಂದು ಹಟ ಹಿಡಿದು ಬಂದ ಬುಶ್ರಾ. ಕೆರೆಯಿಂದ ಎದ್ದ ಎಮ್ಮೆಯಂತೆ ಅವನು ಇಳಿದು ಬಂದ.

ಜೋಹರಾಬಿ ಹಿಂದಿನ ಬಾಗಿಲಿನಿಂದ ಓಡಿ ಪಾತ್ರೆ ಕೇಳಿದಳು. ಶ್ರೀಶೈಲಪ್ಪ ಬಾಯಿ ಒರೆಸಿಕೊಳ್ಳುತ್ತ, "ತಳದಾಗ ಒಂದೀಟು ಐತ್ರಿ. ಕೆರಕೊಂಡ್ರ ನಾಕ್ ಮಂದಿಗೆ ಆಗ್ತೈತಿ," ಎಂದ.

ಇತ್ತ ಮುಕ್ತಾರನಿಗೆ ತಡೆಯಲಾಗಲಿಲ್ಲ. "ಸಾಹೇಬ್ರ, ನೀವು ವರ್ ಅಂತ ಬರದಿದ್ರಿ."

"ಹೌದ್ರಿ," ಎಂದರು ಅಯೂಬಸಾಹೇಬರು ಹಿಗ್ಗಿನಿಂದ. "ಅವ ಅಂದ್ರ ಸಾದಾ, ಅವ್ರು ಅಂದ್ರ ಮರ್ಯಾದಿ. ಹಂಗ ಆರ್ ಅಂದ್ರ ಸಾದಾ, ವರ್ ಅಂದ್ರ ಮರ್ಯಾದಿ. ಮಾಸ್ತರಿಗೆ ಸಾದಾ ಬರಿಯಾಕ ಬರ್ತೈತೇನ್ರಿ?"

ನಕ್ಕು ಬಿಟ್ಟಿದ್ದರೆ ಎಲ್ಲ ಚೆನ್ನಾಗಿರುತ್ತಿತ್ತು. ದೇವರು ಮಾಸ್ತರರಿಗೆ ನಾಲಿಗೆ ಕೊಟ್ಟ, ಪಾಠ ನಿಲ್ಲಿಸಲು ಗಂಟೆ ಬಾರಿಸುವವನನ್ನು ಕೊಡಲಿಲ್ಲ. ಮೈಗೆಲ್ಲ ಪಾಚಿ ಹತ್ತಿದ್ದರೂ ಮುಕ್ತಾರ ನಿಂತಲ್ಲೇ ಪಾಠ ಆರಂಭಿಸಿದ. ಆರ್ ಎಂದರೇನು, ವರ್ ಎಂದರೇನು, ಇಂಥ ತಪ್ಪಿಗೆ ತನ್ನ ಸಾಲೆಯಲ್ಲಿ ಎಷ್ಟು ಅಂಕ ಕಡಿಯುತ್ತಾರೆ, ಎಲ್ಲವನ್ನೂ ಹೇಳಿದ. ಅಯೂಬಸಾಹೇಬರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಪರೀಕ್ಷೆಯಲ್ಲಿ ನಪಾಸಾದವರಂತೆ ನೆಲ ನೋಡುತ್ತ ಕೂತರು. ತಂದೆಯ ಮುಖವನ್ನು ಬುಶ್ರಾ ನೋಡುತ್ತಿದ್ದಳು. ಅವಳೂ ಸಿಂದಗಿಯಲ್ಲಿ ಇಂಗ್ಲಿಷ್ ಕಲಿಸುವವಳು.

ಹೊರಡುವಾಗ ಬಾಗಿಲಲ್ಲಿ ನಿಂತು ಅವಳು ಮೆಲ್ಲಗೆ ಅಂದಳು: "ಐ ವಾಸ್ ಗೋಯಿಂಗ್ ಟು ಸೇ ಯೆಸ್, ಸರ್."

ಕಾರು ಓಣಿ ದಾಟಿತು. ಮುಕ್ತಾರ ಒಳಗೆ ಬಂದು ತಾಯಿಯ ಹತ್ತಿರ ಕೂತ.

"ಅಮ್ಮಾ, ಆಕಿ ಯೆಸ್ ಅಂದ್ಲು. ವಾಸ್ ಗೋಯಿಂಗ್ ಅಂತ ಮರ್ಯಾದಿಗೆ ಹಾಕಿರಬೇಕು, ಅಲ್ಲೇನು?"

ಜೋಹರಾಬಿ ಖಾಲಿ ಪಾತ್ರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ಇಲ್ಲಪ್ಪ. ಮುಂಜಾನಿ ನೀನ ಮೂರ ಸಲ ಹೇಳಿಕೊಟ್ಟಿ. ಆಗಬೇಕಿತ್ತು, ಆಗಲಿಲ್ಲ."