ಒಂದು ಅಸಲಿ ಪೆನ್ನಿನ ತಪಾಸಣಾ ವರದಿ

ನನಗೊಂದು ಕೆಟ್ಟ ಚಾಳಿಯಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾವುದನ್ನೂ ನಾನು ಒಂದೇ ಸಲಕ್ಕೆ ನಂಬುವುದಿಲ್ಲ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು ಎಲ್ಲರೂ ಮಾಡುವ ಕೆಲಸವೇ. ನಾನು ಅಲ್ಲಿಗೆ ನಿಲ್ಲಿಸುವವನಲ್ಲ. ಕುಕ್ಕರಿನ ತಳ, ಬಾಡಿಗೆ ಮನೆಯ ಗೋಡೆ, ದಂತವೈದ್ಯರ ಕುರ್ಚಿ, ಎಲ್ಲವನ್ನೂ ಬೆರಳಿನಿಂದ ತಟ್ಟಿ ಸದ್ದು ಕೇಳಿದ ಮೇಲೆಯೇ ಮುಂದಿನ ಮಾತು. ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟಿನ ತಟ್ಟೆಯನ್ನು ಮೇಲೆತ್ತಿ ತಳದಲ್ಲಿ ಯಾವ ಕಂಪನಿಯ ಮುದ್ರೆಯಿದೆ ಎಂದು ನೋಡಿದೆನಂತೆ. ನನಗೆ ನೆನಪಿಲ್ಲ. ನನ್ನ ಹೆಂಡತಿ ಸುಧಾಗೆ ಚೆನ್ನಾಗಿ ನೆನಪಿದೆ. "ಮೊದಲು ತಟ್ಟೆ ಪಾಸಾಯ್ತು, ಆಮೇಲೆ ನಾನು" ಎಂದು ಇವತ್ತಿಗೂ ಮನೆಗೆ ಬಂದವರೆದುರು ಹೇಳುತ್ತಾಳೆ.

ತಪ್ಪು ನನ್ನದಲ್ಲ, ಹೊಟ್ಟೆಪಾಡಿನದು. ವಡೋದರಾದ ಮಂಜಲ್‌ಪುರದಲ್ಲಿ ಮನೆ. ಅಲ್ಲಿಂದ ಹತ್ತು ನಿಮಿಷದ ದಾರಿಯಲ್ಲಿ ಒಂದು ಸರ್ಕಾರಿ ಕಾರ್ಖಾನೆ. ಅಲ್ಲಿಗೆ ಹೊರಗಿನಿಂದ ಬರುವ ಬೋಲ್ಟು, ಬೇರಿಂಗು, ವಾಲ್ವುಗಳನ್ನು ಪರೀಕ್ಷಿಸಿ ಪಾಸು ಅಥವಾ ನಪಾಸು ಮಾಡುವುದು ನನ್ನ ಉದ್ಯೋಗ. ಹಾಸನದಿಂದ ಬಂದ ಹೊಸದರಲ್ಲಿ ನನಗೆ ಗುಜರಾತಿಯಲ್ಲಿ ಗೊತ್ತಿದ್ದದ್ದು ಒಂದೇ ಪದ: 'ಚಾಲ್ಶೇ'. ಅಂದರೆ 'ನಡೆಯುತ್ತೆ ಬಿಡಿ'. ಚಹಾಕ್ಕೆ ಸಕ್ಕರೆ ಕಡಿಮೆಯೇ? ಚಾಲ್ಶೇ. ಬಸ್ಸು ತಡವೇ? ಚಾಲ್ಶೇ. ಬೋಲ್ಟು ಕೂದಲೆಳೆಯಷ್ಟು ದಪ್ಪವೇ? ಅದಕ್ಕೂ ಚಾಲ್ಶೇ! ನನ್ನ ಇಪ್ಪತ್ತಾರು ವರ್ಷದ ನೌಕರಿಯೆಲ್ಲ ಈ ಒಂದು ಪದದ ಮೇಲೆ ನಡೆಸಿದ ಯುದ್ಧ ಅಂದರೆ ಸುಳ್ಳಲ್ಲ.

ಆ ಯುದ್ಧದಲ್ಲಿ ಎದುರು ಪಾಳೆಯದ ಸೇನಾಪತಿ ಜಯೇಶ್‌ಭಾಯ್. ಅವರು ಖರೀದಿ ವಿಭಾಗದವರು. ಅವರು ಮಾಲು ತರಿಸುವುದು, ನಾನು ಹಿಂದಕ್ಕೆ ಕಳಿಸುವುದು. "ಮೂರ್ತಿಭಾಯ್, ಇದೊಂದು ಸಲ ಚಾಲ್ಶೇ ಅನ್ನಿ" ಎಂದು ಅವರು, "ಆಗಲ್ಲ ಜಯೇಶ್‌ಭಾಯ್" ಎಂದು ನಾನು. ಮಧ್ಯಾಹ್ನ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಅವರ ಡಬ್ಬಿಯ ಥೇಪ್ಲಾ ಮತ್ತು ನನ್ನ ಡಬ್ಬಿಯ ಚಿತ್ರಾನ್ನ ಹಂಚಿಕೊಳ್ಳುತ್ತಿದ್ದೆವು. ಈ ಊರಿನಲ್ಲಿ ನನಗೆ ಮನೆ ಹುಡುಕಿಕೊಟ್ಟವರು ಅವರು. ಮಗಳು ಇಂಚರ ಹುಟ್ಟಿದಾಗ ಆಸ್ಪತ್ರೆಗೆ ಮೊದಲು ಬಂದವರೂ ಅವರೇ. ನನ್ನ ಅಣ್ಣನಿಗಿಂತ ಹೆಚ್ಚು ಎಂದರೆ ಅಣ್ಣ ಬೇಸರ ಮಾಡಿಕೊಳ್ಳಲಾರ, ಅವನಿಗೂ ಗೊತ್ತು.

ಎರಡು ವರ್ಷದ ಹಿಂದೆ ಅವರು ನಿವೃತ್ತರಾದರು. ಉಡುಗೊರೆಯಾಗಿ ಒಂದು ಒಳ್ಳೆಯ ಫೌಂಟನ್ ಪೆನ್ನು ಕೊಡಬೇಕೆಂದು ಎಲ್ಲರೂ ತೀರ್ಮಾನಿಸಿದರು. ನಿವೃತ್ತಿಯಾದ ಮೇಲೆ ದಿನಾ ಬೆಳಿಗ್ಗೆ ಪುಸ್ತಕದಲ್ಲಿ ರಾಮನಾಮ ಬರೆಯುತ್ತೇನೆಂದು ಅವರು ಸಂಕಲ್ಪ ಮಾಡಿದ್ದರು. ಪೆನ್ನು ಆರಿಸುವ ಕೆಲಸ ಯಾರಿಗೆ? "ಮೂರ್ತಿಭಾಯ್ ಇರುವಾಗ ಬೇರೆ ಯಾರು!" ಎಂದರು. ನನಗೂ ಹೆಮ್ಮೆಯಾಯಿತು ಅನ್ನಿ. ಮೊಬೈಲಿನಲ್ಲಿ ಹುಡುಕಿದಾಗ ವಿದೇಶಿ ಕಂಪನಿಯ ಒಂದು ಪೆನ್ನು ಕಣ್ಣಿಗೆ ಬಿತ್ತು. ದಾಳಿಂಬೆ ಬಣ್ಣದ ಮೈ, ಚಿನ್ನದ ನಿಬ್ಬು. ಬೇರೆಲ್ಲ ಕಡೆ ಇರುವ ಬೆಲೆಗಿಂತ ಇಲ್ಲಿ ಅರ್ಧಕ್ಕರ್ಧ ಕಡಿಮೆ. 'ಒಂದೇ ಒಂದು ಉಳಿದಿದೆ' ಎಂದು ಕೆಂಪಕ್ಷರ ಬೇರೆ. ಪಕ್ಕದಲ್ಲಿ ನಿಮಿಷ ಇಳಿಯುತ್ತಿರುವ ಗಡಿಯಾರ. ಒಂದು ವಾಷರನ್ನು ಮೂರು ದಿನ ಪರೀಕ್ಷಿಸುವ ನಾನು ಆ ಗಡಿಯಾರಕ್ಕೆ ಹೆದರಿ ಎರಡೇ ನಿಮಿಷದಲ್ಲಿ ಕೊಂಡುಬಿಟ್ಟೆ.

ಬಂದ ಪೆಟ್ಟಿಗೆ ತೆರೆದಾಗ ನನಗೇನಾದರೂ ಅನುಮಾನ ಇದ್ದಿದ್ದರೆ ಅದೂ ಹೋಯಿತು. ಏಕೆಂದರೆ ಒಳಗೊಂದು ಪ್ರಮಾಣಪತ್ರವಿತ್ತು! ದಪ್ಪ ಕಾಗದ, ಹೊನ್ನಿನ ಬಣ್ಣದ ಮೊಹರು, ಕೆಳಗೆ ಯಾರದೋ ಭರ್ಜರಿ ಸಹಿ. ನಮ್ಮ ವೃತ್ತಿಯವರ ದೌರ್ಬಲ್ಯ ನಿಮಗೆ ಗೊತ್ತಿಲ್ಲ. ನಾವು ಮನುಷ್ಯರನ್ನು ನಂಬುವುದಿಲ್ಲ, ಮಾಲನ್ನು ನಂಬುವುದಿಲ್ಲ. ಸರ್ಟಿಫಿಕೇಟು ಕಂಡರೆ ಮಾತ್ರ ಮನಸ್ಸು ಕರಗಿಬಿಡುತ್ತದೆ. ಬೀಳ್ಕೊಡುಗೆಯ ದಿನ ವೇದಿಕೆಯ ಮೇಲೆ ಪೆನ್ನಿಗಿಂತ ಮೊದಲು ಆ ಪ್ರಮಾಣಪತ್ರವನ್ನು ಎತ್ತಿ ತೋರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಜಯೇಶ್‌ಭಾಯ್ ಕಣ್ಣೊರೆಸಿಕೊಂಡರು.

ಬಂಡವಾಳ ಬಯಲಾದದ್ದು ಕಳೆದ ದೀಪಾವಳಿಯಾದ ಮೇಲೆ. ಅಲಕಾಪುರಿ ಬಡಾವಣೆಯ ಕಡೆ ಹೋಗುವುದಿದ್ದರೆ ಪೆನ್ನಿಗೆ ಒಂದು ಬಾಟಲಿ ನೀಲಿ ಇಂಕು ತರಲು ಜಯೇಶ್‌ಭಾಯ್ ಹೇಳಿದ್ದರು. ಅಲ್ಲಿ ಪೆನ್ನುಗಳದ್ದೇ ಒಂದು ಹಳೆಯ ಅಂಗಡಿಯಿದೆ. ಅದರ ಒಡತಿ ನಯನಾಬೆನ್, ಅರವತ್ತು ದಾಟಿದ ಹೆಂಗಸು, ಕೊರಳಲ್ಲಿ ಭೂತಗನ್ನಡಿ ತೂಗುಹಾಕಿಕೊಂಡು ಕೂತಿರುತ್ತಾರೆ. ಇಂಕು ಕೊಳ್ಳುವಾಗ ಸುಮ್ಮನಿರಲಾರದೆ, ಬೀಳ್ಕೊಡುಗೆಯ ದಿನದ ಫೋಟೋ ತೆಗೆದು, "ನೋಡಿ, ಇದು ನಾನು ಆರಿಸಿದ ಪೆನ್ನು" ಎಂದೆ. ಅವರು ಮೊಬೈಲಿನ ಮೇಲೆ ಭೂತಗನ್ನಡಿ ಇಟ್ಟು ನೋಡಿದರು. ನಂತರ ನನ್ನನ್ನು ನೋಡಿದರು.

"ಸಾಹೇಬ್, ಈ ದೊಡ್ಡ ಕಾಗದ ಏನು?"

"ಅಸಲಿ ಅನ್ನೋದಕ್ಕೆ ಪ್ರಮಾಣಪತ್ರ."

"ಅಸಲಿ ಪೆನ್ನಿಗೆ ಬರೋದು ಇಷ್ಟೇ ಇಷ್ಟು ಗ್ಯಾರಂಟಿ ಪುಸ್ತಕ, ಅದರ ಮೇಲೆ ಅಂಗಡಿ ಮೊಹರು. ಇಷ್ಟುದ್ದದ ಕಾಗದ ಆ ಕಂಪನಿ ಯಾವತ್ತೂ ಕೊಟ್ಟಿಲ್ಲ. ಕ್ಲಿಪ್ಪೂ ಬೇರೆ ಥರ ಇದೆ. ನಕಲಿ."

ಅಯ್ಯೋ ದೇವರೇ! ಆ ಅಂಗಡಿಯಲ್ಲಿ ಕೂತು ಎರಡು ಲೋಟ ನೀರು ಕುಡಿದೆ. ಮನೆಗೆ ಬರುವಷ್ಟರಲ್ಲಿ ಜಯೇಶ್‌ಭಾಯ್ ಅವರ ಫೋನು. "ಮೂರ್ತಿಭಾಯ್, ಲಕ್ಷ ನಾಮ ಮುಗಿಯುತ್ತಾ ಬಂತು. ರಾಮನವಮಿಯ ಬೆಳಿಗ್ಗೆ ಕೊನೆಯ ನಾಮ ಬರೆದು ಪುಸ್ತಕ ಮಂದಿರಕ್ಕೆ ಒಪ್ಪಿಸುತ್ತೇನೆ. ನೀವು ಬರಲೇಬೇಕು. ನಿಮ್ಮ ಪೆನ್ನು ಅಲ್ಲವೇ!"

ಲಕ್ಷ ಸಲ ರಾಮನ ಹೆಸರು, ನನ್ನ ನಕಲಿ ಪೆನ್ನಿನಲ್ಲಿ. ನಾಚಿಕೆಯಿಂದ ಊಟ ಸೇರಲಿಲ್ಲ. ಅವರಿಗೆ ಹೇಳಿಬಿಡೋಣವೆಂದರೆ ಬಾಯಿ ಬರಲಿಲ್ಲ. ನಂಬಿದ ಮನುಷ್ಯ, ಎಷ್ಟು ನೊಂದುಕೊಂಡಾರು! ಅಂದೇ ನಿಶ್ಚಯಿಸಿದೆ. ಏನೇ ಆಗಲಿ, ರಾಮನವಮಿಯೊಳಗೆ ಅದೇ ಬಣ್ಣದ ಅಸಲಿ ಪೆನ್ನು ಸಂಪಾದಿಸಬೇಕು. ತೊಳೆದುಕೊಡುತ್ತೇನೆಂದು ಹಳೆಯದನ್ನು ಇಸಿದುಕೊಂಡು ಹೊಸದನ್ನು ಕೈಗಿಡಬೇಕು. ಕೊನೆಯ ನಾಮವಾದರೂ ಅಸಲಿಯಾಗಲಿ.

ಆದರೆ ಆ ಬಣ್ಣವನ್ನು ಕಂಪನಿಯೇ ನಿಲ್ಲಿಸಿತ್ತು. ನಯನಾಬೆನ್ ಬಳಿಯೂ ಇರಲಿಲ್ಲ. ಮತ್ತೆ ಆನ್‌ಲೈನೇ ಗತಿ. ಈ ಸಲ ಮಾತ್ರ ನಾನು ಮೋಸ ಹೋಗುವವನಲ್ಲ. ಕಾರ್ಖಾನೆಯಲ್ಲಿ ಮಾಡುವ ಹಾಗೆ ಒಂದು ತಪಾಸಣಾ ಪಟ್ಟಿ ತಯಾರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಬೆಲೆ ನಂಬಲಾರದಷ್ಟು ಕಡಿಮೆಯಿದ್ದರೆ ಆ ಪುಟವನ್ನೇ ಮುಚ್ಚತಕ್ಕದ್ದು. ಮಾರುವವನ ಹೆಸರು, ವಿಳಾಸ, ಹಳೆಯ ಗಿರಾಕಿಗಳ ಮಾತು ಓದತಕ್ಕದ್ದು; ಎಲ್ಲರೂ ಒಂದೇ ಥರ ಹೊಗಳಿದ್ದರೆ ಇನ್ನೂ ಹೆಚ್ಚು ಅನುಮಾನಿಸತಕ್ಕದ್ದು. ಕಂಪನಿಯ ಫೋಟೋ ಬೇಡ, ಅವನ ಕೈಯಲ್ಲಿರುವ ಪೆನ್ನಿನ ಫೋಟೋವೇ ಬೇಕು, ಪಕ್ಕದಲ್ಲಿ ಇವತ್ತಿನ ಪತ್ರಿಕೆಯಿರಬೇಕು. ಮೈಮೇಲಿನ ಕ್ರಮಸಂಖ್ಯೆ, ಮೊದಲು ಕೊಂಡ ಅಂಗಡಿಯ ಬಿಲ್ಲು, ವಾಪಸು ಪಡೆಯುವ ಷರತ್ತು. ಗಡಿಯಾರ ತೋರಿಸಿ ಅವಸರ ಮಾಡುವವನಿಗೆ ದೂರದಿಂದಲೇ ನಮಸ್ಕಾರ. ಹಾಲು ತೆಗೆಯಲು ಬಂದ ಸುಧಾ ಪಟ್ಟಿ ಓದಿ, "ರೀ, ಹೀಗೇ ನೋಡಿದ್ರೆ ನನ್ನ ಮದುವೇನೇ ಆಗ್ತಿರ್ಲಿಲ್ಲ ನೀವು" ಎಂದಳು.

ನಾಲ್ಕು ತಿಂಗಳು ಹಿಡಿಯಿತು. ಹದಿನೇಳು ಜನ ಮಾರಾಟಗಾರರು ನನ್ನ ಕೈಯಲ್ಲಿ ನಪಾಸಾದರು. ಅಹಮದಾಬಾದಿನವನೊಬ್ಬ ಪತ್ರಿಕೆಯ ಜೊತೆ ಫೋಟೋ ಕೇಳಿದ್ದಕ್ಕೆ, "ಪೆನ್ನು ಮಾರ್ತಿದ್ದೀನಿ, ಯಾರನ್ನೂ ಅಪಹರಿಸಿಲ್ಲ" ಎಂದು ಫೋನು ಕುಕ್ಕಿದ. ಕೊನೆಗೆ ಸೂರತ್‌ನಲ್ಲಿ ಒಬ್ಬರು ಸಿಕ್ಕರು. ವಜ್ರದ ವ್ಯಾಪಾರಿ, ಪೆನ್ನು ಸಂಗ್ರಹಿಸುವ ಹುಚ್ಚು. ಕೇಳಿದ್ದನ್ನೆಲ್ಲ ಕಳಿಸಿದರು, ಬಿಲ್ಲು, ಕ್ರಮಸಂಖ್ಯೆ, ಅಂಗಡಿಯ ಮೊಹರಿದ್ದ ಪುಟ್ಟ ಗ್ಯಾರಂಟಿ ಪುಸ್ತಕ. ನಾನು ಐದನೆಯ ಸಲ ಫೋನು ಮಾಡಿದಾಗ ಆ ಪುಣ್ಯಾತ್ಮರು ನಿಟ್ಟುಸಿರಿಟ್ಟು, "ಭಾಯ್, ಮೂವತ್ತು ವರ್ಷದಿಂದ ವಜ್ರ ಮಾರುತ್ತಿದ್ದೇನೆ, ಯಾರೂ ನನಗೆ ಇಷ್ಟು ಪ್ರಶ್ನೆ ಕೇಳಿಲ್ಲ" ಎಂದರು. ನನಗೆ ಅದು ಹೊಗಳಿಕೆಯ ಹಾಗೆ ಕೇಳಿಸಿತು.

ರಾಮನವಮಿಗೆ ಮೂರು ದಿನವಿರುವಾಗ ಪೆನ್ನು ಬಂತು. ಪೆಟ್ಟಿಗೆ ಒಡೆಯುವುದನ್ನು ಮೊದಲಿನಿಂದ ಕೊನೆಯವರೆಗೆ ಚಿತ್ರೀಕರಿಸಬೇಕೆಂಬುದು ಪಟ್ಟಿಯ ಹನ್ನೊಂದನೆಯ ಕಲಮು. ಕಾಲೇಜಿಗೆ ಹೊರಟಿದ್ದ ಇಂಚರಳನ್ನು ಹಿಡಿದು ನಿಲ್ಲಿಸಿ ಅವಳ ಕೈಗೆ ಮೊಬೈಲು ಕೊಟ್ಟೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ, ಸರಿಯಿತ್ತು. ಕ್ಲಿಪ್ಪು ಸರಿ. ಮುಚ್ಚಳದ ತಿರುಪು ಸರಿ. ಕ್ರಮಸಂಖ್ಯೆ ಸರಿ. ನಯನಾಬೆನ್‌ಗೆ ಫೋಟೋ ಕಳಿಸಿದೆ, 'ಅಸಲಿ. ಅಭಿನಂದನೆ' ಎಂದು ಉತ್ತರ ಬಂತು. "ಪಪ್ಪಾ, ಹೋ ಗಯಾ ನಾ? ಎಲ್ಲಾ ಸರಿ ಇದೆ. ನಂಗೆ ಲೇಟ್ ಆಗ್ತದೆ" ಎಂದಳು ಇಂಚರ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಬೇರೆ ಯಾರಾದರೂ ಆಗಿದ್ದರೆ ನಿಲ್ಲಿಸುತ್ತಿದ್ದರು. ಆದರೆ ನಮ್ಮ ವಿಭಾಗದಲ್ಲಿ ಒಂದು ಪದ್ಧತಿಯಿದೆ. ಬಂದ ಮಾಲು ಎಷ್ಟೇ ಚೆನ್ನಾಗಿ ಕಂಡರೂ ಅದರಲ್ಲೊಂದನ್ನು ಆರಿಸಿ, ಬಿಚ್ಚಿ, ಬೇಕಾದರೆ ಕತ್ತರಿಸಿ ಒಳಗನ್ನು ನೋಡಬೇಕು. ಆ ಒಂದು ಹಾಳಾಗುತ್ತದೆ, ಉಳಿದ ತೊಂಬತ್ತೊಂಬತ್ತು ನಂಬಿಕೆಗೆ ಅರ್ಹವಾಗುತ್ತವೆ. ಇಪ್ಪತ್ತಾರು ವರ್ಷ ಹೀಗೆ ಮಾಡಿದ ಕೈ. ನಿಬ್ಬಿನ ಮೇಲೆ ಚಿನ್ನವೆಂದು ಬರೆದಿದೆ, ಸರಿ. ಮೇಲೆ ಯಾರು ಬೇಕಾದರೂ ಬರೆಯಬಹುದು. ಒಳಗೆ ಹುದುಗಿರುವ ಬುಡದಲ್ಲಿ ಸಣ್ಣದೊಂದು ಮುದ್ರೆ ಇರುತ್ತದೆಂದು ನಯನಾಬೆನ್ ಹಿಂದೊಮ್ಮೆ ಹೇಳಿದ್ದರು. ಅದನ್ನು ನೋಡದೆ ರಾಮನಾಮಕ್ಕೆ ಕೊಡುವುದು ಹೇಗೆ? ನಿಬ್ಬಿಗೆ ಬಟ್ಟೆ ಸುತ್ತಿದೆ. ಇಕ್ಕಳದಿಂದ ಮೆಲ್ಲಗೆ ಎಳೆದೆ. ಬರಲಿಲ್ಲ. ಸ್ವಲ್ಪ ಜೋರಾಗಿ ಎಳೆದೆ.

ಬಂತು. ಕರ್ ಎಂದು ಸದ್ದು ಮಾಡುತ್ತಾ ಬಂತು. ನಿಬ್ಬು ಗಿಳಿಯ ಕೊಕ್ಕಿನ ಹಾಗೆ ಬಾಗಿತ್ತು, ಅದರ ಕೆಳಗೆ ಇಂಕು ಹರಿಯುವ ಕಪ್ಪು ನಾಲಿಗೆ ಎರಡು ತುಂಡಾಗಿತ್ತು. ಬುಡದಲ್ಲಿ ಮುದ್ರೆ ಇತ್ತು. ಸ್ಪಷ್ಟವಾಗಿ, ಅಂದವಾಗಿ, ಎಲ್ಲಿ ಇರಬೇಕೋ ಅಲ್ಲೇ ಇತ್ತು.

ಸುಧಾ ಬಂದು ನೋಡಿದಳು. ಬೈಯುತ್ತಾಳೆಂದುಕೊಂಡೆ. "ಈಗ ನಂಬಿಕೆ ಬಂತಾ?" ಎಂದಷ್ಟೇ ಕೇಳಿ ಒಳಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಇಂಚರ ಇನ್ನೂ ಚಿತ್ರೀಕರಿಸುತ್ತಲೇ ಇದ್ದಳು.

ಅಲಕಾಪುರಿಗೆ ಓಡಿದೆ. ನಯನಾಬೆನ್ ಭೂತಗನ್ನಡಿಯಿಂದ ನೋಡಿ, ಹೊಸ ನಿಬ್ಬು ವಿದೇಶದಿಂದ ಬರಬೇಕು, ತಿಂಗಳುಗಳೇ ಆಗಬಹುದು ಎಂದರು. ಸೂರತ್‌ನವರಿಗೆ ಫೋನು ಮಾಡುವ ಮುಖ ನನಗಿರಲಿಲ್ಲ. ಇನ್ನು ಉಳಿದದ್ದು ಒಂದೇ ದಾರಿ. ಎಷ್ಟೇ ಕಷ್ಟವಾಗಲಿ, ಹೋಗಿ ನಿಜ ಹೇಳಿಬಿಡುವುದು.

ರಾಮನವಮಿಯ ಬೆಳಿಗ್ಗೆ ನಾನೂ ಸುಧಾಳೂ ಜಯೇಶ್‌ಭಾಯ್ ಮನೆಗೆ ಹೋದೆವು. ಅವರು ಬಿಳಿ ಜುಬ್ಬಾ ತೊಟ್ಟು, ಪುಸ್ತಕ ಮುಂದಿಟ್ಟುಕೊಂಡು ನನಗಾಗಿ ಕಾಯುತ್ತಿದ್ದರು. ದಾಳಿಂಬೆ ಬಣ್ಣದ ಪೆನ್ನು ಕೈಯಲ್ಲಿತ್ತು. ಅವರು ಮುಚ್ಚಳ ತೆಗೆಯುವ ಮೊದಲೇ, "ನಿಲ್ಲಿ, ಜಯೇಶ್‌ಭಾಯ್" ಎಂದು ಎಲ್ಲವನ್ನೂ ಒದರಿಬಿಟ್ಟೆ. ಗಡಿಯಾರ, ಪ್ರಮಾಣಪತ್ರ, ನಯನಾಬೆನ್, ಸೂರತ್, ಇಕ್ಕಳ. ಬಾಗಿದ ನಿಬ್ಬನ್ನು ಕರವಸ್ತ್ರದಿಂದ ಬಿಚ್ಚಿ ತೋರಿಸಿದೆ.

ಜಯೇಶ್‌ಭಾಯ್ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮೂರ್ತಿಭಾಯ್, ನಾನು ಖರೀದಿ ವಿಭಾಗದವನು. ಬೀಳ್ಕೊಡುಗೆಯ ದಿನವೇ ಗೊತ್ತಾಯಿತು. ಮೊದಲ ವಾರ ಬರೆಯಲೇ ಇಲ್ಲ ಅದು. ಸ್ಟೇಷನ್ ಹತ್ತಿರ ಪೆನ್ನು ರಿಪೇರಿ ಮಾಡುವವನ ಬಳಿ ಮಾಮೂಲಿ ನಿಬ್ಬು ಹಾಕಿಸಿದೆ. ಅಂದಿನಿಂದ ಒಂದು ದಿನ ನಿಂತಿಲ್ಲ."

"ನನಗೆ ಯಾಕೆ ಹೇಳಲಿಲ್ಲ?"

"ಇಪ್ಪತ್ನಾಲ್ಕು ವರ್ಷ ನೀವು ನನ್ನ ಮಾಲನ್ನೆಲ್ಲ ಹಿಂದಕ್ಕೆ ಕಳಿಸಿದಿರಿ. ನೀವೇ ಪಾಸು ಮಾಡಿ ಕೈಯಾರೆ ಕೊಟ್ಟದ್ದು ಇದೊಂದೇ. ಇದನ್ನು ಹಿಂದಕ್ಕೆ ಕಳಿಸಲು ಮನಸ್ಸಾಗಲಿಲ್ಲ. ಚಾಲ್ಶೇ."

ಕಣ್ಣು ತುಂಬಿದವು, ಅದನ್ನು ಮುಚ್ಚಿಡುವುದೇಕೆ. ಜಯೇಶ್‌ಭಾಯ್ ಕೈಮುಗಿದು, ಅದೇ ಪೆನ್ನಿನಲ್ಲಿ ಕೊನೆಯ ನಾಮ ಬರೆದರು. ಗುಂಡಗಿನ ಅಕ್ಷರ, ಎಲ್ಲೂ ತಡೆಯಲಿಲ್ಲ, ಎಲ್ಲೂ ಸೋರಲಿಲ್ಲ.

ಆಮೇಲೆ ಒಂದು ಬಿಳಿ ಹಾಳೆ ತೆಗೆದುಕೊಂಡು, ನಮ್ಮ ಕಾರ್ಖಾನೆಯ ಕ್ರಮದಲ್ಲೇ ಗೆರೆ ಎಳೆದು, ಏನೋ ಬರೆದು ನನ್ನ ಕೈಗಿತ್ತರು. ಅದು ತಪಾಸಣಾ ವರದಿ. ಮಾಲು: ಸೂರತ್‌ನಿಂದ ಬಂದ ಪೆನ್ನು, ಒಂದು. ಗುಣಮಟ್ಟ: ಅಸಲಿ, ಉತ್ತಮ. ದೋಷ: ನಿಬ್ಬು ಬಾಗಿದೆ, ಬರೆಯುವುದಿಲ್ಲ. ದೋಷಕ್ಕೆ ಕಾರಣ: ತಪಾಸಣೆ. ಕೆಳಗೆ ದಿನಾಂಕ, ಸಹಿ.

ಓದಿದೆ. ನಕ್ಕೆ. ನಗುತ್ತಲೇ ನನಗೆ ಅರಿವಿಲ್ಲದೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದೆ, ಸಹಿ ನಿಜವಾಗಿಯೂ ಅವರದೇನಾ ಎಂದು ನೋಡಲು. "ರೀ," ಎಂದಳು ಸುಧಾ ಹಿಂದಿನಿಂದ, "ಅವ್ರು ನಿಮ್ಮ ಕಣ್ಣೆದುರಿಗೇ ಸಹಿ ಹಾಕಿದ್ದು."