ನಮ್ಮ ಬೀದಿಯ ಏಕೈಕ ಸೋದರಮಾವ

ಜನ ನೀರಿಲ್ಲ ಅಂತಾರೆ, ಕರೆಂಟಿಲ್ಲ ಅಂತಾರೆ, ಗಂಡಿಗೆ ಹೆಣ್ಣು ಸಿಗ್ತಿಲ್ಲ ಅಂತ ಬ್ರೋಕರ್‌ಗಳ ಹಿಂದೆ ಚಪ್ಪಲಿ ಸವೆಸ್ತಾರೆ. ಆದ್ರೆ ಸೋದರಮಾವಂದಿರು ಸಿಗ್ತಿಲ್ಲ ಅಂತ ಇವತ್ತಿನವರೆಗೂ ಒಬ್ಬರೂ ಬಾಯಿ ಬಿಟ್ಟಿಲ್ಲ. ಅದನ್ನ ಮೊದಲು ಕಂಡುಹಿಡಿದೋನು ನಾನು. ಜಂಬ ಅನ್ನಿಸಿದ್ರೆ ಅನ್ನಿಸ್ಲಿ. ನಮ್ಮ ಕ್ಯಾಲನೂರಲ್ಲಿ ಮಗುಗೆ ಮೊದಲನೇ ಮುಡಿ ತೆಗೆಸ್ಬೇಕಾದ್ರೂ ಕಿವಿ ಚುಚ್ಚಿಸ್ಬೇಕಾದ್ರೂ ಅದು ಸೋದರಮಾವನ ತೊಡೆ ಮೇಲೆ ಕೂತಿರ್ಬೇಕು. ಮೊದಲನೇ ಕತ್ತರಿ ಅವನೇ ಹಾಕ್ಬೇಕು, ಹೊಸ ಬಟ್ಟೆ ಅವನೇ ತೊಡಿಸ್ಬೇಕು. ನಮ್ಮಜ್ಜಿ ಕಾಲದಲ್ಲಿ ಇದೊಂದು ಸಮಸ್ಯೆನೇ ಆಗಿರಲಿಲ್ವಂತೆ. ಒಂದೊಂದು ಮನೇಲಿ ಮಕ್ಕಳು ಉಣ್ಣೋಕೆ ಕೂತ್ರೆ ಮದುವೆ ಪಂಕ್ತಿ ಥರ ಇರ್ತಿತ್ತು, ಒಂದು ಮಗು ಪಕ್ಕದ್ಮನೇಲಿ ಉಂಡು ಅಲ್ಲೇ ಮಲಗಿಬಿಟ್ರೆ ಅದು ಕಾಣಿಸ್ತಿಲ್ಲ ಅಂತ ಗೊತ್ತಾಗೋಷ್ಟರಲ್ಲಿ ಹಬ್ಬ ಬಂದಿರ್ತಿತ್ತು. ಈಗ ಮನೆಗೊಂದು ಮಗು, ಜಾಸ್ತಿ ಅಂದ್ರೆ ಎರಡು. ನಮ್ಮ ಬೀದೀಲಂತೂ ಸಾಲಾಗಿ ಹೆಣ್ಣುಮಕ್ಕಳೇ. ಆ ಅಕ್ಕಂದಿರಿಗೆಲ್ಲಾ ಈಗ ಮದುವೆ ಆಗಿ ಮಕ್ಕಳಾಗ್ತಿವೆ, ಆ ಮಕ್ಕಳಿಗೆ ಕೂದಲೂ ಬೆಳೀತಿದೆ, ತೊಡೆಗಳು ಮಾತ್ರ ಇಲ್ಲ.

ಕಾಲೇಜಲ್ಲಿ ನಮ್ಮ ಸಾರ್ ನಂಗೆ 'ಬೇರೆ ಬೇರೆ ದೇಶಗಳಲ್ಲಿ ಜನಸಂಖ್ಯೆ ಬದಲಾವಣೆ, ಕಾರಣ ಮತ್ತು ಪರಿಣಾಮ' ಅಂತ ಸೆಮಿನಾರ್ ಕೊಟ್ಟಿದ್ರು. ಬೇರೆಯೋರು ನೆಟ್ ನೋಡಿ ಬರೆದ್ರೆ ನಾನು ಬೀದಿ ನೋಡಿ ಮಾತಾಡ್ದೆ. ಜಪಾನಲ್ಲಿ ತೊಟ್ಟಿಲಿಗಿಂತ ಊರುಗೋಲು ಜಾಸ್ತಿ ಮಾರಾಟ ಆಗುತ್ತೆ ಅಂದೆ (ಆಗಬಹುದು, ನಾನೇನು ಅಂಗಡಿ ಇಟ್ಟಿದ್ದೀನಾ?). ಚೀನಾದೋರು ಒಂದೇ ಸಾಕು ಅಂತ ಬಹಳ ವರ್ಷ ಹಠ ಹಿಡಿದು, ಈಗ ಇನ್ನೂ ಹೆತ್ಕೊಳ್ರಪ್ಪಾ ಅಂತ ಗೋಗರೀತಿದ್ದಾರೆ, ಅಲ್ಲಿ ಎಷ್ಟೋ ಮಕ್ಕಳಿಗೆ ಮಾವನೂ ಇಲ್ಲ, ಅತ್ತೆನೂ ಇಲ್ಲ ಅಂದೆ. ಆಫ್ರಿಕಾದ ಎಷ್ಟೋ ದೇಶಗಳಲ್ಲಿ ಹುಡುಗರೇ ಹುಡುಗರು, ಅಲ್ಲಿಂದ ಒಂದಿಷ್ಟು ಸೋದರಮಾವಂದಿರನ್ನ ಕೋಲಾರಕ್ಕೆ ತರಿಸ್ಕೊಂಡ್ರೆ ನಮ್ಮ ಕಷ್ಟ ತೀರುತ್ತೆ ಅಂದೆ. ಕ್ಲಾಸ್ ಬಿದ್ದು ಬಿದ್ದು ನಗ್ತು. ಸಾರ್ ನಗಲಿಲ್ಲ. "ಲೇ ಸಂತು, ಕಾರಣ ಹೇಳೋ" ಅಂದ್ರು.

ಕಾರಣಾನ ಮನೇಲೇ ಕೇಳೋಣ ಅಂತ ಹೋದೆ. ನಮ್ಮಮ್ಮ ನರಸಾಪುರದ ಫ್ಯಾಕ್ಟರಿಗೆ ಹೋಗ್ತಾಳೆ. ಕಂಪನಿ ಬಸ್ಸು ಹಾರ್ನ್ ಹೊಡೆದ್ರೆ ಬಾಯಲ್ಲಿರೋ ಮುದ್ದೆನ ಬಸ್ಸಲ್ಲಿ ನುಂಗ್ತಾಳೆ. "ಅಮ್ಮಾ, ನಂಗ್ಯಾಕೆ ಅಕ್ಕಾನೋ ತಂಗೀನೋ ಇಲ್ಲ?" ಅಂದೆ. "ನಿನ್ನ ನೋಡಿದ್ಮೇಲೆ ಧೈರ್ಯ ಬರ್ಲಿಲ್ಲ ಕಣೋ" ಅಂದ್ಲು. ಹಾಲು ಕರೀತಿದ್ದ ಅಪ್ಪ ಕೊಟ್ಟಿಗೆಯಿಂದಾನೇ, "ಹಸುಗೆ ಎರಡನೇದಾದ್ರೆ ಡೈರಿ ತುಂಬುತ್ತೆ, ನಮಗೆ ಎರಡನೇದಾದ್ರೆ ಕಾನ್ವೆಂಟ್‌ನೋರ ಜೇಬು ತುಂಬುತ್ತೆ" ಅಂದ. ಆಮೇಲೆ ಅಮ್ಮ ಟಿಫಿನ್ ಬಾಕ್ಸ್ ಮುಚ್ಚಳ ಹಾಕ್ತಾ, ನನ್ನ ಕಡೆ ನೋಡ್ದೇ, "ಇನ್ನೊಂದು ಇರ್ಬೇಕಿತ್ತು" ಅಂದ್ಲು. ಅಷ್ಟರಲ್ಲಿ ಬಸ್ಸು ಬಂತು. ಇದೊಂದನ್ನ ನಾನು ಸಾರ್‌ಗೆ ಹೇಳಲಿಲ್ಲ.

ಹಿಂಗೆ ಕೊರತೆ ಇರೋ ಕಾಲದಲ್ಲಿ ನನಗೆ ಬೆಲೆ ಬಂತು. ಊರ ಹಿರಿಯರು ವರಸೆ, ಅಂದ್ರೆ ಯಾರಿಗೆ ಯಾರು ಏನಾಗ್ಬೇಕು ಅನ್ನೋದನ್ನ, ಲೆಕ್ಕ ಹಾಕಿ ನೋಡಿದ್ರೆ, ಬೀದಿಯ ಸುಮಾರು ಅಕ್ಕಂದಿರಿಗೆಲ್ಲಾ ನಾನು ಒಂದಲ್ಲ ಒಂದು ದಾರೀಲಿ ತಮ್ಮ ಆಗ್ತೀನಿ. ಮಾಲೂರಲ್ಲಿ ಒಂದು ಕಿವಿ ಚುಚ್ಚಿಸ್ದೆ, ಮುಳಬಾಗಲಲ್ಲಿ ಒಂದು ತಲೆ ಬೋಳಿಸ್ದೆ. ನನ್ನ ತೊಡೆ ಮೇಲೆ ಉಚ್ಚೆ ಹೊಯ್ಯದ ಮಗು ನಮ್ಮ ಸೀಮೇಲೇ ಇಲ್ಲ. ಮೇಲ್ನೋಟಕ್ಕೆ "ಅಯ್ಯೋ, ಮತ್ತೆ ನಾನೇನಾ?" ಅಂತ ಗೊಣಗ್ತಿದ್ದೆ. ಒಳಗೊಳಗೇ ಖುಷಿ. ಒಬ್ಬನೇ ಮಗ ನೋಡಿ, ಯಾರಾದ್ರೂ "ನಮ್ಮ ತಮ್ಮ" ಅಂತ ಪರಿಚಯ ಮಾಡ್ಕೊಟ್ರೆ ಬೆನ್ನು ತಂತಾನೇ ನೆಟ್ಟಗಾಗ್ತಿತ್ತು.

ಅವರಲ್ಲೆಲ್ಲಾ ಸುಧಕ್ಕ ಬೇರೆ. ಎದುರು ಮನೆ ಅಂಜಪ್ಪ ದೊಡ್ಡಪ್ಪನ ಒಬ್ಬಳೇ ಮಗಳು. ನಂಗೆ ಸೈಕಲ್ ಕಲಿಸಿದ್ದೂ ಅವಳೇ, ಬಿದ್ದಾಗ ನಕ್ಕಿದ್ದೂ ಅವಳೇ. ಅವಳನ್ನ ನಂಗಲಿ ಊರಿಗೆ ಮದುವೆ ಮಾಡಿ ಕೊಟ್ಟಿದ್ದಾರೆ. ಅವಳತ್ತೆ ರತ್ನಮ್ಮ ಹೈವೇ ಪಕ್ಕ ಟೀ ಅಂಗಡಿ ನಡೆಸ್ತಾರೆ. ಲಾರಿ ಡ್ರೈವರ್ ಟೀ ಕುಡಿದು ಲೋಟ ಇಡೋಷ್ಟರಲ್ಲಿ ಅವನ ಮೂರು ತಲೆಮಾರು ಕೇಳಿ ಮುಗಿಸಿರ್ತಾರೆ. ಅವರಿಗೆ ತಮ್ಮಂದಿರೇ ಒಂದು ಕ್ರಿಕೆಟ್ ಟೀಮು, ಅಂಪೈರ್ ಸಮೇತ. ಮಗು ಹುಟ್ಟಿದಾಗಿನಿಂದ ಒಂದೇ ಮಾತು: "ನಿಮ್ಮ ತವರಲ್ಲಿ ಗಂಡು ದಿಕ್ಕೇ ಇಲ್ವಲ್ಲಮ್ಮಾ, ಮುಡಿಗೆ ಯಾರು ಕೂರ್ತಾರೆ?" ಸುಧಕ್ಕ ನಂಗೆ ಫೋನ್ ಮಾಡಿ ಅಂದ್ಲು, "ಲೇ, ನಂಗೂ ತಮ್ಮ ಇದ್ದಾನೆ ಅಂತ ಹೇಳ್ಬಿಟ್ಟಿದ್ದೀನಿ. ಮಾನ ಉಳಿಸೋ. ಅಲ್ಲಿ ಬಂದು ಜಾಸ್ತಿ ಮಾತಾಡ್ಬೇಡ, ಸುಮ್ನೆ ಕೂತ್ಕೋ ಸಾಕು."

ಸುಮ್ನೆ ಕೂರೋದು! ನನಗೆ! ಆದ್ರೂ ಮಾತು ಕೊಟ್ಟೆ.

ಮುಡಿ ದಿನ ಗುಡಿ ಮುಂದೆ ಚಾಪೆ ಹಾಕಿದ್ರು. ನಾನು ಪಂಚೆ ಉಟ್ಕೊಂಡು, ಶಲ್ಯ ಹೊದ್ಕೊಂಡು, ಊರಿಗೇ ಮಾವ ಅನ್ನೋ ಥರ ಕೂತೆ. ಪಾಪು ತೊಡೆ ಮೇಲೆ ಬಂತು, ಬಂದ ತಕ್ಷಣ ಅದರ ಪದ್ಧತಿ ಪ್ರಕಾರ ಪಂಚೆ ಒದ್ದೆ ಮಾಡ್ತು. ಅಂಜಪ್ಪ ದೊಡ್ಡಪ್ಪ ಹೊಸ ಫ್ರಾಕ್, ಹೂವು, ಲಾಡು ಇಟ್ಟಿರೋ ತಟ್ಟೆ ಹಿಡ್ಕೊಂಡು ನನ್ನ ಹಿಂದೆ ನಿಂತಿದ್ರು. ಸುಧಕ್ಕನ ಮುಖದಲ್ಲಿ ಅಷ್ಟು ಬೆಳಕನ್ನ ನಾನು ಅವಳ ಮದುವೇಲೂ ನೋಡಿರಲಿಲ್ಲ. ನಾನಿನ್ನೇನು ಕತ್ತರಿ ಎತ್ತಬೇಕು, ರತ್ನಮ್ಮ ತೆಲುಗು ಬೆರೆಸಿ ಕೇಳಿದ್ರು, "ಏಮ್ ನಾಯನಾ, ನಿಮ್ಮಮ್ಮಂದು ಯಾವೂರು?"

ಶ್ರೀನಿವಾಸಪುರದ ಕಡೆ ಅಂತ ಹೇಳಿ ಬಾಯಿ ಮುಚ್ಕೊಂಡಿದ್ರೆ ಮುಗೀತಿತ್ತು. ನಾನು ಶುರು ಹಚ್ಕೊಂಡೆ. "ಶ್ರೀನಿವಾಸಪುರದ ಕಡೆ ಕಣಮ್ಮ. ನಮ್ಮ ತಾತನ ಮಾವಿನ ತೋಪಲ್ಲಿ ಈ ಕಡೆಯಿಂದ ಹೊಕ್ಕು ಆ ಕಡೆ ಬರೋಷ್ಟರಲ್ಲಿ ಕಾಯಿ ಹಣ್ಣಾಗಿರುತ್ತೆ. ನಮ್ಮಜ್ಜಿ ಮುನಿವೆಂಕಟಮ್ಮ ಅಂದ್ರೆ ಸುತ್ತಾ ಹಳ್ಳಿಗೇ..."

"ಯಾರು? ಬೆಲ್ಲದ ಮನೆ ಮುನಿವೆಂಕಟಮ್ಮಾನಾ?"

"ಅವರೇ! ನಿಮಗೂ ಗೊತ್ತಾ?" ಅಂತ ನಾನು ಇನ್ನೂ ಉಬ್ಬಿದೆ.

"ಗೊತ್ತಾ ಅಂತೀಯಲ್ಲೋ! ನಮ್ಮಮ್ಮಾನೂ ನಿಮ್ಮಜ್ಜೀನೂ ಅಣ್ಣತಮ್ಮಂದಿರ ಮಕ್ಕಳು. ಅಂದ್ಮೇಲೆ ನಿಮ್ಮಮ್ಮ ನಂಗೆ ತಂಗಿ ಆಗ್ಲಿಲ್ವಾ? ಅಯ್ಯೋ, ನಾನೂ ನಿಮ್ಮಮ್ಮಾನೂ ಇವರ ಮದುವೇಲಿ ಒಂದೇ ಪಂಕ್ತೀಲಿ ಕೂತು ಹೋಳಿಗೆ ತಿಂದ್ವಲ್ಲೋ, ಗೊತ್ತೇ ಆಗ್ಲಿಲ್ಲ! ಏ ಮಂಜಾ, ಬಾರೋ ಇಲ್ಲಿ, ಇವನು ನಿನ್ನ ತಮ್ಮ!" ಅಂತ ಮಗನ್ನ, ಅಂದ್ರೆ ಸುಧಕ್ಕನ ಗಂಡನ್ನ, ಕೂಗಿ, ನನ್ನ ಕೆನ್ನೆ ಹಿಂಡಿ, ತಕ್ಷಣ ಗಂಭೀರ ಆದ್ರು. "ಅಂದ್ರೆ ನೀನು ಪಾಪುಗೆ ಚಿಕ್ಕಪ್ಪ ಕಣೋ. ಮಾವ ಹೆಂಗಾಗ್ತೀಯ? ಏಳು, ಏಳು."

"ಅತ್ತೆ, ನಮ್ಮ ಕಡೆಯಿಂದ ಅವನು ನಂಗೆ ತಮ್ಮಾನೇ. ಹಂಗೇ ಇರ್ಲಿ ಬಿಡಿ" ಅಂದ್ಲು ಸುಧಕ್ಕ.

"ಅದು ಎಲ್ಲಿಯದೋ ದೂರದ ದಾಯಾದಿ ಅಮ್ಮಾ, ಇದು ರಕ್ತ. ಗೊತ್ತಿಲ್ದೆ ಮಾಡಿದ್ರೆ ದೇವರು ಒಪ್ತಾನೆ, ಗೊತ್ತಿದ್ದೂ ಮಾಡಿದ್ರೆ?"

ಅಂಜಪ್ಪ ದೊಡ್ಡಪ್ಪ ನಗ್ತಾನೇ ಅಂದ್ರು, "ಇರೋನು ಒಬ್ಬ. ಅವನ್ನೂ ನಿಮ್ಮ ಕಡೆ ಸೇರಿಸ್ಕೊಂಡ್ರೆ ಹೆಂಗಮ್ಮಾ ತಾಯಿ?"

"ಮಗಳನ್ನೇ ಕೊಟ್ಟಿದ್ದೀರಿ, ಒಬ್ಬ ಹುಡುಗನ್ನ ಕೊಡೋಕಾಗಲ್ವಾ?" ಅಂದ್ರು ರತ್ನಮ್ಮ. ಎಲ್ಲಾರೂ ನಕ್ಕರು. ಮುಡಿ ತೆಗೆಯೋರು ಕತ್ತಿ ಒರೆಸ್ಕೊಂಡು, "ಯಾರದಾದ್ರೂ ತೊಡೆ ಕೊಡ್ರಪ್ಪಾ, ನಂಗಿನ್ನೂ ಬೇರೆ ತಲೆ ಇವೆ" ಅಂದ್ರು. ಮಂಜನಿಗೆ ಮಾವ ಆದ್ರೆ ಪಾಪುಗೂ ಮಾವಾನೇ ಅಂತ ರತ್ನಮ್ಮನ ಟೀಮಿಂದ ಒಬ್ಬ ತಮ್ಮ ಬಂದು ಕೂತ. ಪಾಪು ಅವನ ತೊಡೆಗೆ ಹೋಯ್ತು, ಒದ್ದೆ ಪಂಚೆ ನನ್ನ ಪಾಲಿಗೆ ಉಳೀತು. ದೊಡ್ಡಪ್ಪ ತಟ್ಟೆನ ಚಾಪೆ ಅಂಚಿಗೆ ಇಟ್ಟು ಹಿಂದೆ ಸರಿದ್ರು. ಜನಸಂಖ್ಯೆ ಬದಲಾಗೋಕೆ ಹುಟ್ಟು, ಸಾವು, ವಲಸೆ ಅಂತ ಮೂರೇ ಕಾರಣ ಅಂತ ನಮ್ಮ ಪುಸ್ತಕದಲ್ಲಿದೆ. ಕೂತ ಜಾಗದಿಂದ ಅಲ್ಲಾಡ್ದೇ ವಲಸೆ ಹೋದೋನು ಪ್ರಪಂಚದಲ್ಲಿ ನಾನೊಬ್ಬನೇ ಇರ್ಬೇಕು. ಸುಧಕ್ಕನ ತವರಿನ ಗಂಡು ಜನಸಂಖ್ಯೆ ಒಂದು ಇದ್ದದ್ದು ಸೊನ್ನೆ ಆಯ್ತು. ವಿಚಿತ್ರ ಏನಂದ್ರೆ, ಹುಟ್ಟಿದಾಗಿನಿಂದ ಒಂದಕ್ಕೆ ಹತ್ತು ಸೇರಿಸಿ ಹೇಳೋನು ನಾನು, ಅವತ್ತು ತೋಪೊಂದು ಬಿಟ್ರೆ ಉಳಿದದ್ದೆಲ್ಲಾ ಅಪ್ಪಟ ನಿಜಾನೇ ಹೇಳಿದ್ದೆ.

ಈಗ ನಂಗೆ ದೊಡ್ಡಮ್ಮ ಇದ್ದಾರೆ, ಅಣ್ಣ ಇದ್ದಾನೆ, ಲೆಕ್ಕಕ್ಕೆ ಸಿಗದಷ್ಟು ಮಾವಂದಿರಿದ್ದಾರೆ. ಬೆಳಗಾದ್ರೆ ವಾಟ್ಸಾಪಲ್ಲಿ ಎಲ್ಲರದೂ ಶುಭೋದಯ, ಫೋನ್ ಬಿಸಿಯಾಗುತ್ತೆ. "ಲೇ" ಅಂತ ಶುರುವಾಗೋ ಫೋನು ಮಾತ್ರ ಬರಲ್ಲ.

ಗೌರಿ ಹಬ್ಬಕ್ಕೆ ಸುಧಕ್ಕ ತವರಿಗೆ ಬಂದಿದ್ಲು. ಎದುರು ಮನೆ, ನಾಲ್ಕು ಹೆಜ್ಜೆ. ಹೋಗೋಕೆ ನಂಗೆ ಅರ್ಧ ದಿನ ಬೇಕಾಯ್ತು. ಪಾಪು ತಲೇಲಿ ಹೊಸ ಕೂದಲು ಮೊಳಕೆ ಒಡೆದಿತ್ತು. ಬಾಗಿಲಲ್ಲೇ ನಿಂತು "ಅಕ್ಕಾ" ಅಂದೆ. ಪಾಪುನ ಸೊಂಟದ ಮೇಲೆ ಸರಿ ಮಾಡ್ಕೊಂಡು, "ಅತ್ತಿಗೆ ಅನ್ಬೇಕು ಕಣೋ, ನಮ್ಮತ್ತೆ ಕಿವಿಗೆ ಬಿದ್ರೆ ಕಷ್ಟ" ಅಂತ ನಕ್ಕಳು. ನಗು ಕಣ್ಣಿನವರೆಗೂ ಹೋಗಲಿಲ್ಲ. ಇಡೀ ಕ್ಲಾಸಿಗೆ ಚೀನಾ ಜಪಾನ್ ವಿವರಿಸಿದ ನಾನು, ಮೂರಕ್ಷರದ ಆ ಮಾತು ಹೇಳೋಕೆ ಬಾಯಿ ತೆರೆದೆ, ಮುಚ್ಚಿದೆ. ಕೊನೆಗೆ ಒಂದು ಲೋಟ ನೀರು ಕೇಳಿ, ಕುಡಿದು, ಯಾವ ವರಸೇನೂ ಹಿಡಿದು ಕರೀದೇ ಮನೆಗೆ ಬಂದೆ.